ಅಕ್ಷರ ಕೊಟ್ಟು ಇಂಗ್ಲಿಷ್ ಶಬ್ದ ಕೇಳಿದರೆ ಮಗಳು ತಡವರಿಸುತ್ತಾಳೆ: ಶಬ್ದಸಂಪತ್ತು ಕಡಿಮೆಯೇ?

ಪ್ರಶ್ನೆ: ಮೇಡಂ, ನಾವು ಗದಗ-ಬೆಟಗೇರಿಯವರು. ಮಗಳು ಐದನೇ ಕ್ಲಾಸಿನ ತನಕಾ ಕನ್ನಡ ಸಾಲ್ಯಾಗ ಓದಿ ಈ ವರ್ಷ ಇಂಗ್ಲಿಷ್ ಮೀಡಿಯಂ ಸೇರ್ಯಾಳ. ಪ್ರತಿ ಶನಿವಾರ ಅವರ ಟೀಚರ್ ಬೋರ್ಡ್ ಮ್ಯಾಲೆ ಏಳೆಂಟು ಅಕ್ಷರ ಬರದು, ಹತ್ತು ನಿಮಿಷದಾಗ ಎಷ್ಟು ಶಬ್ದ ಆಗತಾವೋ ಬರೀರಿ ಅಂತಾರ. ಒಮ್ಮೊಮ್ಮೆ ಮೂರೇ ಅಕ್ಷರ ಕೊಟ್ಟು, ಇವು ಮೂರೂ ಒಳಗ ಇರೋ ಶಬ್ದ ಬರೀರಿ ಅಂತಾರ. ಉಳಿದ ಹುಡುಗೂರು ಇಪ್ಪತ್ತು ಮೂವತ್ತು ಬರೀತಾರ, ನಮ್ಮಾಕಿ ಆರೇಳಕ್ಕ ನಿಂದರತಾಳ. ‘ವೊಕ್ಯಾಬ್ಯುಲರಿ ವೀಕ್’ ಅಂತ ಡೈರಿಯೊಳಗ ಬರದು ಕಳಿಸ್ಯಾರ. ದಪ್ಪನ ಡಿಕ್ಷನರಿ ತಂದು ದಿನಾ ಹತ್ತು ಪುಟ ಓದಸಾಕ ಹತ್ತೇವಿ. ಮೈದುನ ಫೋನಿನ್ಯಾಗ ಒಂದು ಆ್ಯಪ್ ಹಾಕಿಕೊಟ್ಟಾನ. ಅಕ್ಷರ ಹಾಕಿದರ ನೂರಾರು ಶಬ್ದ ಬರತಾವು, ಅರ್ಧಕ್ಕರ್ಧ ನಾವು ಕೇಳೇ ಇಲ್ಲ. ಅದನ್ನ ನೋಡಕೊಂಡು ಹೋಗಿ ಬರದಿದ್ದಕ್ಕ ಟೀಚರ್ ಅರ್ಥ ಕೇಳಿದರಂತ, ಹುಡುಗಿ ಅಳಕೋತ ಮನಿಗೆ ಬಂದಳು. ಹುಬ್ಬಳ್ಳಿಯಾಗ ಒಂದು ‘ವರ್ಡ್ ಪವರ್’ ಕ್ಲಾಸ್ ಐತಿ, ಎರಡಕ್ಷರ ಮೂರಕ್ಷರದ ಶಬ್ದ ಎಲ್ಲಾ ಬಾಯಿಪಾಠ ಮಾಡಸ್ತಾರ ಅಂತಾರ. ಆಕಿಗೆ ಬುದ್ಧಿ ಕಡಿಮಿ ಐತೇನು? ಆ್ಯಪ್ ಕೊಡೂದು ತಪ್ಪೇನು? ನನಗಂತೂ ಇಂಗ್ಲಿಷ್ ಬರೂದಿಲ್ಲ, ನಾ ಏನು ಮಾಡಲಿ?

ಉತ್ತರ: ಅಕ್ಕಾರ, ಬುದ್ಧಿಯ ಮಾತನ್ನು ಮೊದಲು ಮುಗಿಸಿಬಿಡೋಣ. ಮಗಳಿಗೆ ಬುದ್ಧಿ ಕಡಿಮೆ ಎನ್ನಲು ನಿಮ್ಮ ಪತ್ರದಲ್ಲಿ ಯಾವ ಆಧಾರವೂ ಇಲ್ಲ. ಕನ್ನಡ ಶಾಲೆಯಿಂದ ಬಂದ ಮಕ್ಕಳು ಈ ಆಟದಲ್ಲಿ ಮೊದಮೊದಲು ಹಿಂದೆ ಬೀಳುವುದನ್ನು ಧಾರವಾಡ, ಗದಗ, ಹಾವೇರಿ ಕಡೆಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತ, ಶಿಕ್ಷಕರಿಗೆ ತರಬೇತಿ ಕೊಡುತ್ತ ಬಹಳ ಕಂಡಿದ್ದೇನೆ. ಅವರಲ್ಲಿ ಎಷ್ಟೋ ಮಕ್ಕಳು ಗಣಿತದಲ್ಲಿ, ಕನ್ನಡದಲ್ಲಿ ತರಗತಿಗೇ ಮುಂದಿರುತ್ತಾರೆ. ಅವರು ಹಿಂದೆ ಬೀಳಲು ಬೇರೆಯೇ ಕಾರಣವಿದೆ, ಅದನ್ನು ಕೆಳಗೆ ಬಿಡಿಸಿ ಹೇಳುತ್ತೇನೆ.

‘ವೊಕ್ಯಾಬ್ಯುಲರಿ ವೀಕ್’ ಎಂಬ ಮಾತು ನಿಜವೋ ಅಲ್ಲವೋ ಎಂದು ನೀವೇ ಮನೆಯಲ್ಲಿ ಪರೀಕ್ಷಿಸಬಹುದು. ಈ ಶನಿವಾರ ಹೆಚ್ಚು ಶಬ್ದ ಬರೆದ ಗೆಳತಿಯ ಪಟ್ಟಿಯನ್ನು ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರಲಿ. ಒಂದೊಂದೇ ಶಬ್ದ ಓದಿ, ಅದರ ಅರ್ಥ ಕನ್ನಡದಲ್ಲೇ ಹೇಳಲಿ. ಮೂವತ್ತರಲ್ಲಿ ಇಪ್ಪತ್ತು ಇಪ್ಪತ್ತೈದು ಶಬ್ದಗಳ ಅರ್ಥ ಹೇಳಿದಳೆಂದರೆ ಶಬ್ದಗಳು ಅವಳ ತಲೆಯೊಳಗೆ ಇವೆ, ಅಕ್ಷರ ನೋಡಿ ಅವನ್ನು ಹೊರಗೆ ತೆಗೆಯುವ ದಾರಿ ಮಾತ್ರ ಗೊತ್ತಿಲ್ಲ. ಎಂಟು ಹತ್ತಕ್ಕೆ ನಿಂತಳೆಂದರೆ ಆಗ ಓದು ಕಡಿಮೆಯಾಗಿದೆ, ಸಣ್ಣ ಸಣ್ಣ ಕತೆ ಪುಸ್ತಕ ಬೇಕು ಎಂದರ್ಥ. ಇವೆರಡಕ್ಕೂ ಮದ್ದು ಬೇರೆ ಬೇರೆ. ಪರೀಕ್ಷೆ ಮಾಡದೆ ಎರಡಕ್ಕೂ ಡಿಕ್ಷನರಿಯನ್ನೇ ಕುಡಿಸುವುದರಿಂದ ಪ್ರಯೋಜನವಿಲ್ಲ.

ಅಂದಹಾಗೆ, ಆ ಹತ್ತು ಪುಟದ ಓದನ್ನು ಇವತ್ತೇ ನಿಲ್ಲಿಸಿ. ಡಿಕ್ಷನರಿ ಜೋಡಿಸಿರುವುದೇ ಶಬ್ದದ ಮೊದಲ ಅಕ್ಷರದ ಮೇಲೆ, ಆಮೇಲೆ ಎರಡನೆಯದು, ಮೂರನೆಯದು. ಶಬ್ದ ಗೊತ್ತಿದ್ದು ಅರ್ಥ ಬೇಕಾದವರಿಗೆ ಅದು ಹೇಳಿಮಾಡಿಸಿದ ಪುಸ್ತಕ. ನಮ್ಮ ಕಿಟೆಲ್ ಸಾಹೇಬರು 1894ರಲ್ಲಿ ಹೊರತಂದ ಕನ್ನಡ ನಿಘಂಟಿನ ಕ್ರಮವೂ ಹಾಗೆಯೇ. ‘ನಡುವೆ ಎಲ್ಲೋ ಆರ್, ಎನ್, ಟಿ ಇರುವ ಶಬ್ದ ಯಾವುದು’ ಎಂದು ಕೇಳಿಕೊಂಡು ಅದರ ಮುಂದೆ ಕುಳಿತರೆ, ಓಣಿಯ ಹೆಸರು ಗೊತ್ತಿಲ್ಲದೆ ಬಾಗಿಲಿನ ಬಣ್ಣ ಮಾತ್ರ ಹೇಳಿ ಮನೆ ಹುಡುಕಿದಂತಾಗುತ್ತದೆ. ದಿನಕ್ಕೆ ಹತ್ತು ಪುಟ ಓದಿದ ಮಗು ವಾರಗಟ್ಟಲೆ ಎ, ಬಿ ಅಕ್ಷರಗಳಲ್ಲೇ ಸುತ್ತುತ್ತದೆ, ಓದಿದ್ದು ನೆನಪಿನಲ್ಲೂ ಉಳಿಯುವುದಿಲ್ಲ.

ಈಗ ಕಾರಣಕ್ಕೆ ಬರೋಣ. ನಮ್ಮ ಮಕ್ಕಳು ಶಬ್ದವನ್ನು ಕಿವಿಯಿಂದ ಹುಡುಕುತ್ತಾರೆ. ಕನ್ನಡದಲ್ಲಿ ಅದು ಸರಿಯಾದ ದಾರಿ. ನಾವು ಉಚ್ಚರಿಸುವುದಕ್ಕೂ ಬರೆಯುವುದಕ್ಕೂ ಅಂತರ ಬಹಳ ಕಡಿಮೆ, ವ್ಯಂಜನ ಸ್ವರ ಕೂಡಿ ಒಂದೇ ಅಕ್ಷರವಾಗುತ್ತದೆ. ಪತ್ರಿಕೆಯ ಪದಬಂಧ ತುಂಬುವಾಗ ‘ಸ್ತ್ರೀ’ ಎಂಬುದಕ್ಕೆ ಒಂದೇ ಮನೆ. ಕನ್ನಡ ಪದಬಂಧವನ್ನು ಪಟಪಟ ತುಂಬುವ ಮಗು ಇಂಗ್ಲಿಷಿನ ಏಳು ಬಿಡಿ ಅಕ್ಷರ ಕಂಡಾಗ ಅವನ್ನು ಬಾಯಲ್ಲಿ ಗುನುಗುತ್ತ ಕೂರುತ್ತದೆ, ಯಾವ ಸದ್ದೂ ಕೂಡಿ ಬರುವುದಿಲ್ಲ. ಯಾಕೆಂದರೆ ಇಂಗ್ಲಿಷಿನಲ್ಲಿ ಕಿವಿಗೆ ಕೇಳಿಸದ ಅಕ್ಷರಗಳು ಶಬ್ದದೊಳಗೆ ಕುಳಿತಿರುತ್ತವೆ. ‘ನೈಟ್’ ಎಂದು ಕೇಳುವಾಗ ಜಿ, ಎಚ್ ಎಲ್ಲಿ ಕೇಳಿಸುತ್ತವೆ? ‘ಟಾಕ್’ ಎನ್ನುವಾಗ ಎಲ್ ಇಲ್ಲ, ‘ನೈಫ್’ ಎನ್ನುವಾಗ ಕೆ ಇಲ್ಲ, ‘ನೇಶನ್’ ಎನ್ನುವಾಗ ಟಿ ಇಲ್ಲ. ಜಿ ಮತ್ತು ಎಚ್ ಇರುವ ಶಬ್ದ ಹೇಳು ಎಂದರೆ ಕಿವಿಯನ್ನೇ ನಂಬಿದ ಮಗು ಸುಮ್ಮನಾಗುತ್ತದೆ. ಆದರೆ ಡಾಟರ್, ಲೈಟ್, ರೈಟ್, ಫೈಟ್, ವೇಟ್, ಲಾಫ್ ಇಷ್ಟೂ ಅದಕ್ಕೆ ಗೊತ್ತಿರುವ ಶಬ್ದಗಳೇ. ಮೊದಲಿನಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಮಕ್ಕಳಿಗೆ ಈ ಶಬ್ದಗಳ ಆಕಾರ ಐದು ವರ್ಷ ಕಣ್ಣಿಗೆ ಬಿದ್ದು ಅಭ್ಯಾಸವಾಗಿದೆ. ನಿಮ್ಮ ಮಗಳಿಗೂ ಅವರಿಗೂ ಇರುವ ವ್ಯತ್ಯಾಸ ಇಷ್ಟೇ, ಇದನ್ನು ತುಂಬಿಕೊಳ್ಳಬಹುದು.

ಇನ್ನೊಂದು ತಪ್ಪು ತಿಳಿವಳಿಕೆ ಏನೆಂದರೆ, ಚುರುಕಾದ ಮಕ್ಕಳು ತಲೆಯಲ್ಲೇ ಅಕ್ಷರಗಳನ್ನು ಹಿಂದೆಮುಂದೆ ಮಾಡಿ ಮಾಡಿ ಶಬ್ದ ಹಿಡಿಯುತ್ತಾರೆ ಎಂಬುದು. ಲೆಕ್ಕ ಹಾಕಿ ನೋಡಿ. ಬೇರೆ ಬೇರೆ ಏಳು ಅಕ್ಷರಗಳನ್ನು ಪೂರ್ತಿ ಬಳಸಿ ಜೋಡಿಸಲು 5,040 ವಿಧಗಳಿವೆ. ಸೆಕೆಂಡಿಗೆ ಒಂದರಂತೆ ನೋಡಿದರೂ ಒಂದು ಗಂಟೆ ಇಪ್ಪತ್ತನಾಲ್ಕು ನಿಮಿಷ ಬೇಕು. ಎಂಟು ಅಕ್ಷರವಾದರೆ 40,320 ವಿಧ, ಹನ್ನೊಂದು ಗಂಟೆಗೂ ಹೆಚ್ಚು. ಹತ್ತು ನಿಮಿಷದಲ್ಲಿ ಇದು ಯಾರಿಂದಲೂ ಆಗದ ಕೆಲಸ. ಮೂವತ್ತು ಬರೆದ ಹುಡುಗಿ ಮಾಡುವುದು ಬೇರೆ: ಅವಳ ಕಣ್ಣಿಗೆ ಸಿ-ಎಚ್ ಕೂಡಿ ಒಂದು ತುಂಡಾಗಿ, ಇ-ಎ ಕೂಡಿ ಇನ್ನೊಂದು ತುಂಡಾಗಿ ಕಾಣುತ್ತದೆ. ಏಳು ಬಿಡಿ ಅಕ್ಷರ ಅವಳಿಗೆ ಮೂರ್ನಾಲ್ಕು ತುಂಡುಗಳಾಗಿಬಿಡುತ್ತವೆ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಬೋರ್ಡಿನ ಮೇಲೆ ಟಿ, ಇ, ಎ, ಸಿ, ಎಚ್, ಇ, ಆರ್ ಇವೆ ಎಂದುಕೊಳ್ಳಿ, ಅಂದರೆ ‘ಟೀಚರ್’ ಶಬ್ದದ ಅಕ್ಷರಗಳು. ಮೊದಲ ಕೆಲಸ, ಅವನ್ನು ಸಾಲಾಗಿ ಬರೆಯದೆ ಕಚ್ಚಾ ಹಾಳೆಯಲ್ಲಿ ವೃತ್ತವಾಗಿ ಬರೆಯಬೇಕು. ಸಾಲಿನಲ್ಲಿದ್ದರೆ ಕಣ್ಣು ಅದೇ ಸಾಲನ್ನು ಓದುತ್ತ ‘ಟೀಚರ್, ಟೀಚರ್’ ಎಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡನೆಯದು, ಸ್ವರಗಳಾದ ಇ, ಎ, ಇ ಮೂರನ್ನೂ ನಡುವೆ ಬರೆದು ವ್ಯಂಜನಗಳನ್ನು ಸುತ್ತಲೂ ಇಡಬೇಕು. ಆಮೇಲೆ ಜೋಡಿಗಳನ್ನು ಹುಡುಕಬೇಕು. ಇಲ್ಲಿ ಸಿ-ಎಚ್ ಇದೆ, ಟಿ-ಎಚ್ ಇದೆ, ಇ-ಎ ಇದೆ, ಕೊನೆಗೆ ಹಚ್ಚಲು ಇ-ಆರ್ ಇದೆ.

ಸಿ-ಎಚ್ ಹಿಡಿದರೆ ಚಾಟ್, ಚಾರ್ಟ್, ಚೀಟ್, ಈಚ್, ಟೀಚ್, ರೀಚ್. ಟಿ-ಎಚ್ ಹಿಡಿದರೆ ದ, ದೇರ್, ಥ್ರೀ, ಭೂಮಿ ಎಂಬರ್ಥದ ಅರ್ಥ್. ಇ-ಎ ನಡುವೆ ಇಟ್ಟರೆ ಟೀ, ಈಟ್, ಹೀಟ್, ಇಯರ್, ಹಿಯರ್, ಕಣ್ಣೀರಿನ ಟಿಯರ್, ಹಾರ್ಟ್. ಈ ‘ಹಿಯರ್’ ಶಬ್ದದಲ್ಲಿ ಕಿವಿಯ ಮೋಸ ಚೆನ್ನಾಗಿ ಗೊತ್ತಾಗುತ್ತದೆ: ಕೇಳು ಎಂಬುದು ಎಚ್-ಇ-ಎ-ಆರ್, ಇಲ್ಲಿ ಎಂಬುದು ಎಚ್-ಇ-ಆರ್-ಇ. ಕಿವಿ ಒಂದೇ ಎಂದು ಬಿಡುತ್ತದೆ, ಕಣ್ಣು ಎರಡು ಶಬ್ದ ಎಣಿಸುತ್ತದೆ, ಎರಡೂ ಈ ಏಳು ಅಕ್ಷರಗಳಲ್ಲಿ ಸಿಗುತ್ತವೆ. ಮುಂದೆ, ಒಂದು ಬಾಲ ಹಿಡಿದು ತಲೆ ಬದಲಿಸುತ್ತ ಹೋಗುವುದು. ಎ-ಟಿ-ಇ ಬಾಲ ಇಟ್ಟುಕೊಂಡರೆ ಏಟ್, ಹೇಟ್, ರೇಟ್, ಕ್ರಿಯೇಟ್. ಎ-ಆರ್-ಟಿ ಬಾಲಕ್ಕೆ ಆರ್ಟ್, ಕಾರ್ಟ್, ಚಾರ್ಟ್. ಎ-ಸಿ-ಇ ಬಾಲಕ್ಕೆ ರೇಸ್, ಟ್ರೇಸ್. ಇ-ಆರ್ ಕೊನೆಗೆ ಹಚ್ಚಿದರೆ ಹೀಟರ್, ಚೀಟರ್. ಕ್ಯಾಟ್, ಹ್ಯಾಟ್, ರ‍್ಯಾಟ್, ಕಾರ್, ಟ್ರೀ ಎಲ್ಲ ಮೂರು ನಾಲ್ಕು ಅಕ್ಷರದವು, ಎರಡನೇ ಕ್ಲಾಸಿನ ಮಗುವಿಗೂ ಗೊತ್ತಿರುವವು. ಇಷ್ಟಕ್ಕೇ ಮೂವತ್ತು ದಾಟಿತು.

ಇದರೊಳಗೆ ನಿಮ್ಮ ಮನೆಯ ಶಬ್ದಗಳೂ ಇವೆ ನೋಡಿ. ಹೊಲದ ಉತಾರಿನಲ್ಲಿ ಬರುವ ‘ಎಕರೆ’, ಇಂಗ್ಲಿಷಿನಲ್ಲಿ ಎ-ಸಿ-ಆರ್-ಇ, ಟೀಚರ್ ಶಬ್ದದೊಳಗೇ ಇದೆ. ‘ಹೆಕ್ಟೇರ್’ ಅಂತೂ ಟೀಚರ್ ಶಬ್ದದ ಏಳೂ ಅಕ್ಷರಗಳನ್ನು ಒಂದೂ ಬಿಡದೆ ಬಳಸುತ್ತದೆ: ಎಚ್-ಇ-ಸಿ-ಟಿ-ಎ-ಆರ್-ಇ. ತರಗತಿಯಲ್ಲಿ ಇದನ್ನು ಥಟ್ಟನೆ ಬರೆಯುವುದು ಹೆಚ್ಚಾಗಿ ರೈತರ ಮನೆಯ ಮಕ್ಕಳೇ. ಅದನ್ನು ನೋಡಿದಾಗಲೆಲ್ಲ ನನಗೆ ಬಹಳ ಸಂತೋಷವಾಗುತ್ತದೆ.

ಮಗಳಿಗೆ ಕೆಲವು ಗುರುತುಗಳನ್ನು ಹೇಳಿಕೊಡಿ, ನಿಯಮ ಎಂದು ಬಾಯಿಪಾಠ ಬೇಡ, ಆಡುತ್ತ ಆಡುತ್ತ ತಾನೇ ಕಂಡುಕೊಳ್ಳಲಿ. ಕ್ಯೂ ಇದ್ದರೆ ಪಕ್ಕದಲ್ಲಿ ಯು ಇದೆಯೇ ನೋಡಬೇಕು, ಇಂಗ್ಲಿಷಿನಲ್ಲಿ ಅವು ಬಹುಪಾಲು ಜೊತೆಗೇ ಇರುತ್ತವೆ. ಸಾಮಾನ್ಯ ಶಬ್ದಗಳು ವಿ ಅಕ್ಷರಕ್ಕೆ ಮುಗಿಯುವುದಿಲ್ಲ, ಅದರ ಹಿಂದೆ ಇ ಬರುತ್ತದೆ: ಗಿವ್, ಹ್ಯಾವ್, ಲವ್, ಫೈವ್ ನಾಲ್ಕಕ್ಕೂ ಕೊನೆಯಲ್ಲಿ ಇ ಇದೆ. ಸಿ-ಕೆ ಮತ್ತು ಎನ್-ಜಿ ಶಬ್ದದ ಮೊದಲಿಗೆ ಬರುವುದಿಲ್ಲ. ಐ-ಎನ್-ಜಿ ಮೂರೂ ಸಿಕ್ಕರೆ ಅವನ್ನು ಒಂದು ಬದಿಗೆ ತೆಗೆದಿಟ್ಟು ಉಳಿದವುಗಳಲ್ಲಿ ಕ್ರಿಯಾಪದ ಹುಡುಕಬೇಕು. ಎಸ್ ಇದ್ದರೆ ಬರೆದ ಹೆಸರುಗಳಿಗೆಲ್ಲ ಬಹುವಚನ ಆಗುತ್ತದೆಯೇ ನೋಡಬೇಕು, ಟೀಚರ್ ಅದಕ್ಕೆ ಒಪ್ಪುತ್ತಾರೋ ಇಲ್ಲವೋ ಮೊದಲೇ ಕೇಳಿಕೊಂಡಿರಬೇಕು. ಕೊಟ್ಟ ಅಕ್ಷರಗಳಲ್ಲಿ ಜೆ, ಕ್ಯೂ, ಎಕ್ಸ್, ಝಡ್, ಕೆ, ವಿ ಯಾವುದಾದರೂ ಇದ್ದರೆ ಮೊದಲು ಅದನ್ನೇ ಹಿಡಿಯಬೇಕು. ಅವು ಸೇರುವ ಶಬ್ದ ಕಡಿಮೆ, ಹಾಗಾಗಿ ಹುಡುಕುವ ಜಾಗವೂ ಚಿಕ್ಕದು. ಇ, ಎ, ಟಿ, ಎನ್, ಆರ್ ಎಲ್ಲಿ ಬೇಕಾದರೂ ಬಂದು ಕೂರುತ್ತವೆ, ಅವನ್ನು ಕೊನೆಗೆ ನೋಡಿದರೂ ನಡೆಯುತ್ತದೆ.

ಯಾವ ಅಕ್ಷರ ಎಷ್ಟು ಬಳಕೆಯಾಗುತ್ತದೆ ಎಂಬುದನ್ನು ನಿಮ್ಮೂರಿನವರಿಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ಗದಗಿಗೆ ಮುದ್ರಣ ಕಾಶಿ ಎಂದೇ ಹೆಸರು. ಕೈಯಿಂದ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಇಂಗ್ಲಿಷ್ ಮೊಳೆಗಳ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮನೆ ಇ ಅಕ್ಷರದ್ದು, ಏಕೆಂದರೆ ಎಲ್ಲಕ್ಕಿಂತ ಬೇಗ ಖಾಲಿಯಾಗುತ್ತಿದ್ದುದು ಅದೇ. ಆಮೇಲೆ ಬಂದ ಲೈನೋಟೈಪ್ ಯಂತ್ರದ ಕೀಲಿಗಳನ್ನು ಬಳಕೆಯ ಕ್ರಮದಲ್ಲೇ ಜೋಡಿಸಿದ್ದರು: ಇ, ಟಿ, ಎ, ಓ, ಐ, ಎನ್, ಆಮೇಲೆ ಎಸ್, ಎಚ್, ಆರ್, ಡಿ, ಎಲ್, ಯು. ತಂತಿಯ ಮೋರ್ಸ್ ಸಂಕೇತದಲ್ಲಿ ಇ ಅಕ್ಷರಕ್ಕೆ ಒಂದೇ ಚುಕ್ಕೆ, ಟಿ ಅಕ್ಷರಕ್ಕೆ ಒಂದೇ ಗೆರೆ. ಅಕ್ಷರದ ಬಿಲ್ಲೆಗಳನ್ನು ಮಣೆಯ ಮೇಲೆ ಜೋಡಿಸಿ ಶಬ್ದ ಕಟ್ಟುವ ಸ್ಕ್ರ್ಯಾಬಲ್ ಆಟವನ್ನು 1930ರ ದಶಕದಲ್ಲಿ ರೂಪಿಸಿದ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ದಿನಪತ್ರಿಕೆಯ ಪುಟಗಳಲ್ಲಿನ ಅಕ್ಷರಗಳನ್ನು ಕುಳಿತು ಎಣಿಸಿದ. ಅದರ ನೂರು ಬಿಲ್ಲೆಗಳಲ್ಲಿ ಇ ಹನ್ನೆರಡು; ಕ್ಯೂ, ಜೆ, ಎಕ್ಸ್, ಝಡ್ ಒಂದೊಂದೇ. ಎಸ್ ಬಹಳ ಬಳಕೆಯ ಅಕ್ಷರವಾದರೂ ನಾಲ್ಕೇ ಇಟ್ಟ, ಇಲ್ಲದಿದ್ದರೆ ಎಲ್ಲರೂ ಬಹುವಚನ ಮಾಡಿ ಗೆದ್ದುಬಿಡುತ್ತಿದ್ದರು. ನಿಮ್ಮ ಓಣಿಯಲ್ಲಿ ಹಳೆಯ ಕಂಪೋಸಿಟರ್ ಹಿರಿಯರು ಯಾರಾದರೂ ಇದ್ದರೆ ಮಗಳನ್ನು ಅವರ ಹತ್ತಿರ ಒಂದು ಸಲ ಕರೆದುಕೊಂಡು ಹೋಗಿ, ಮೊಳೆಯ ಮನೆಗಳನ್ನು ತೋರಿಸಲು ಕೇಳಿ.

ಇನ್ನು ಆ ಎರಡನೇ ಬಗೆಯ ಆಟ, ಮೂರು ಅಕ್ಷರ ಕೊಟ್ಟು ‘ಇವು ಒಳಗಿರುವ ಶಬ್ದ’ ಕೇಳುವುದು. ಇದು ಮೊದಲಿನದಕ್ಕಿಂತ ಬೇರೆ ಆಟ, ಮಕ್ಕಳು ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಮೊದಲ ಆಟದಲ್ಲಿ ಕೊಟ್ಟ ಅಕ್ಷರಗಳ ಹೊರಗೆ ಹೋಗುವಂತಿಲ್ಲ. ಎರಡನೆಯದರಲ್ಲಿ ಹೊರಗಿನ ಅಕ್ಷರ ಎಷ್ಟು ಬೇಕಾದರೂ ಸೇರಿಸಬಹುದು, ಕೊಟ್ಟವು ಮಾತ್ರ ಬಿಟ್ಟುಹೋಗಬಾರದು. ಮೂರು ಅಕ್ಷರ ಕಂಡ ಕೂಡಲೇ ಮಗು ಮೂರಕ್ಷರದ ಶಬ್ದವನ್ನೇ ಹುಡುಕುತ್ತ ಕುಳಿತರೆ ಹತ್ತು ನಿಮಿಷ ಮುಗಿದೇ ಹೋಗುತ್ತದೆ. ನಿಮ್ಮ ಮಗಳು ಹೀಗೆ ಮಾಡುತ್ತಿದ್ದಾಳೆಯೇ, ಒಮ್ಮೆ ಕೇಳಿ ನೋಡಿ. ಜೊತೆಗೆ ಇನ್ನೊಂದು ವಿಷಯ: ಆ ಅಕ್ಷರಗಳು ಕೊಟ್ಟ ಕ್ರಮದಲ್ಲೇ ಬರಬೇಕೋ, ಹಿಂದೆಮುಂದಾದರೂ ನಡೆಯುತ್ತದೋ ಎಂದು ಟೀಚರ್ ಹತ್ತಿರ ಸ್ಪಷ್ಟ ಮಾಡಿಕೊಳ್ಳಬೇಕು.

ಈ ಎರಡನೇ ಆಟದಲ್ಲಿ ನೀವು ಮಗಳ ಗುರುವಾಗಬಹುದು. ಇಂಗ್ಲಿಷ್ ಬರುವುದಿಲ್ಲ ಎಂದು ಬರೆದಿದ್ದೀರಿ. ಆರ್, ಎನ್, ಟಿ ಮೂರೂ ಇರುವ ಈ ಶಬ್ದಗಳನ್ನು ಓದಿ: ಕರೆಂಟ್, ಕೌಂಟರ್, ಟೆಂಡರ್, ಪ್ರಿಂಟ್, ಸೆಂಟರ್, ಟ್ರೇನ್, ಪೇಂಟರ್, ಪಾರ್ಟ್ನರ್, ಕಾಂಟ್ರ್ಯಾಕ್ಟರ್, ಟ್ರಾನ್ಸ್‌ಫರ್, ಟ್ರಾನ್ಸ್‌ಫಾರ್ಮರ್, ಇಂಟರ್ನೆಟ್, ಇಂಟರ್‌ವ್ಯೂ, ರೆಸ್ಟೋರೆಂಟ್, ಅಪಾರ್ಟ್‌ಮೆಂಟ್, ಟೂರ್ನಮೆಂಟ್, ಗವರ್ನಮೆಂಟ್, ರಿಜಿಸ್ಟ್ರೇಶನ್, ಗ್ಯಾರಂಟಿ. ಇದರಲ್ಲಿ ನೀವು ಕೇಳದ ಶಬ್ದ ಒಂದಾದರೂ ಇದೆಯೇ? ಇವೆಲ್ಲ ನಮ್ಮ ಮಾತಿನಲ್ಲಿ ದಿನವೂ ಓಡಾಡುವ ಶಬ್ದಗಳು. ನೀವು ಬಾಯಲ್ಲಿ ಹೇಳಿ, ಮಗಳು ಸ್ಪೆಲ್ಲಿಂಗ್ ಬರೆಯಲಿ, ಆಮೇಲೆ ಮೂರೂ ಅಕ್ಷರ ಇವೆಯೇ ಎಂದು ಪೆನ್ಸಿಲ್‌ನಿಂದ ಗುರುತು ಹಾಕಲಿ. ಆಗ ಡಿಕ್ಷನರಿ ತೆಗೆಯಿರಿ, ಸ್ಪೆಲ್ಲಿಂಗ್ ಸರಿಯಿದೆಯೇ ನೋಡಲು. ಡಿಕ್ಷನರಿ ಇರುವುದೇ ಅದಕ್ಕೆ.

ಗದಗಿನಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗುವಾಗಲೂ ಆಡಬಹುದು. ನಮ್ಮ ವಾಯವ್ಯ ಸಾರಿಗೆ ಬಸ್ಸಿನ ಇಂಗ್ಲಿಷ್ ಹೆಸರಿನ ಅಕ್ಷರಗಳು ಎನ್, ಡಬ್ಲ್ಯೂ, ಕೆ, ಆರ್, ಟಿ, ಸಿ. ಆರರಲ್ಲಿ ಒಂದೂ ಸ್ವರವಿಲ್ಲ, ಹಾಗಾಗಿ ಸ್ವರಗಳನ್ನು ನಾವೇ ತುಂಬಬೇಕು. ಸಿ, ಕೆ, ಆರ್, ಟಿ ನಾಲ್ಕೂ ಇರುವ ಶಬ್ದ ಹೇಳು ಎನ್ನಿ. ಕ್ರಿಕೆಟ್ ಬರುತ್ತದೆ, ಟ್ರಕ್, ಟ್ರ್ಯಾಕ್, ರಾಕೆಟ್, ಬ್ರ್ಯಾಕೆಟ್ ಬರುತ್ತವೆ. ಟಿಕೆಟ್ ಎಂದಳೋ, ತಪ್ಪಾಯಿತು, ಅದರಲ್ಲಿ ಆರ್ ಇಲ್ಲ. ಸಿ ಒಂದನ್ನು ಬಿಟ್ಟು ಉಳಿದ ಐದೂ ಇರುವ ಶಬ್ದ ಯಾವುದು ಎಂದು ಕೇಳಿದರೆ ಉತ್ತರ ‘ನೆಟ್‌ವರ್ಕ್’. ಅದು ಸಿಗಲು ಅಣ್ಣಿಗೇರಿ ದಾಟಬಹುದು, ಸಿಕ್ಕಾಗ ಮಗಳ ಮುಖ ನೋಡಿ.

ಈಗ ಆ್ಯಪ್ ವಿಷಯ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಅದರ ಬಗ್ಗೆ ಹೆದರಿಕೆಯೂ ಹೋಗುತ್ತದೆ, ಭ್ರಮೆಯೂ ಹೋಗುತ್ತದೆ. ಅದರೊಳಗೆ ಒಂದು ದೊಡ್ಡ ಶಬ್ದಪಟ್ಟಿ ಇರುತ್ತದೆ. ನೀವು ಕೊಟ್ಟ ಅಕ್ಷರಗಳನ್ನು ಪಟ್ಟಿಯ ಒಂದೊಂದು ಶಬ್ದಕ್ಕೂ ಹೋಲಿಸಿ, ಯಾವ ಅಕ್ಷರ ಎಷ್ಟು ಸಲ ಇದೆ ಎಂದು ಎಣಿಸಿ, ಹೊಂದಿದ್ದನ್ನು ಹೊರಗೆ ಹಾಕುತ್ತದೆ. ಎಲ್ಲ ಅಕ್ಷರ ಬಳಸಿದ ಶಬ್ದ ಬೇಕಾದರೆ ಇನ್ನೂ ಸುಲಭದ ಉಪಾಯವಿದೆ: ಶಬ್ದದ ಅಕ್ಷರಗಳನ್ನು ಎ ಇಂದ ಝಡ್ ಕ್ರಮದಲ್ಲಿ ಜೋಡಿಸಿಡುವುದು. ಟೀಚರ್, ಚೀಟರ್, ಹೆಕ್ಟೇರ್ ಮೂರನ್ನೂ ಹಾಗೆ ಜೋಡಿಸಿದರೆ ಎ-ಸಿ-ಇ-ಇ-ಎಚ್-ಆರ್-ಟಿ ಎಂಬ ಒಂದೇ ಸಾಲು ಬರುತ್ತದೆ. ಲಿಸನ್, ಸೈಲೆಂಟ್, ಎನ್‌ಲಿಸ್ಟ್ ಶಬ್ದಗಳೂ ಹೀಗೆಯೇ ಒಂದೇ ಸಾಲಿನವು. ಯಂತ್ರ ಈ ಸಾಲು ನೋಡಿ ಶಬ್ದ ಕೊಡುತ್ತದೆ, ಅರ್ಥದ ಗೋಜಿಗೆ ಹೋಗುವುದಿಲ್ಲ.

ನೀವು ಕೇಳಿರದ ಶಬ್ದಗಳು ಬಂದದ್ದು ಈ ಪಟ್ಟಿಯಿಂದಲೇ. ಹೆಚ್ಚಿನ ಆ್ಯಪ್‌ಗಳು ಸ್ಕ್ರ್ಯಾಬಲ್ ಸ್ಪರ್ಧೆಯ ಪಟ್ಟಿಯನ್ನು ಬಳಸುತ್ತವೆ. ಕಾಲಿನ್ಸ್ ಪಟ್ಟಿಯೊಂದರಲ್ಲೇ 2.7 ಲಕ್ಷಕ್ಕೂ ಹೆಚ್ಚು ಶಬ್ದಗಳಿವೆ. ಕ್ಯೂ-ಐ ಎಂಬುದು ಚೀನೀಯರ ಪ್ರಾಣಶಕ್ತಿಯ ಹೆಸರು, ಝಡ್-ಎ ಅಮೆರಿಕದವರ ಆಡುಮಾತಿನಲ್ಲಿ ಪಿಜ್ಜಾ, ಎ-ಎ ಎಂಬುದು ಒಂದು ಬಗೆಯ ಲಾವಾರಸದ ಕಲ್ಲು. ಆಟದ ಮಣೆಯ ಮೇಲೆ ಇವಕ್ಕೆ ಅಂಕ ಸಿಗುತ್ತದೆ. ಆರನೇ ಕ್ಲಾಸಿನ ಮಗುವಿಗೆ ಇವುಗಳಿಂದ ಇಂಗ್ಲಿಷ್ ಬರುವುದಿಲ್ಲ. ನ್ಯೂಜಿಲೆಂಡಿನ ನೈಜಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಭಾಷೆಯ ಸ್ಕ್ರ್ಯಾಬಲ್ ವಿಶ್ವ ಸ್ಪರ್ಧೆ ಗೆದ್ದಾಗ ಅವರಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ, ಶಬ್ದಪಟ್ಟಿಯನ್ನು ಕೆಲವೇ ವಾರಗಳಲ್ಲಿ ಕಂಠಪಾಠ ಮಾಡಿದ್ದರು. ಅದು ಅಪರೂಪದ ನೆನಪಿನ ಶಕ್ತಿ, ಅದಕ್ಕೆ ಕೈ ಮುಗಿಯಬೇಕು. ಪಟ್ಟಿ ಬಾಯಿಪಾಠ ಆಗುವುದು, ಭಾಷೆ ಬರುವುದು ಎರಡೂ ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಹಾಗೆಂದು ಆ್ಯಪ್ ಕಿತ್ತುಹಾಕಬೇಡಿ. ಯಾವಾಗ ತೆಗೆಯಬೇಕು ಎಂಬುದೊಂದು ಕಟ್ಟುಪಾಡು ಮಾಡಿ. ಮಗಳು ಮೊದಲು ಕಾಗದದ ಮೇಲೆ ತನಗೆ ಸಿಕ್ಕಷ್ಟು ಬರೆಯಲಿ. ಪೆನ್ ಕೆಳಗಿಟ್ಟ ಮೇಲೆ ಆ್ಯಪ್ ತೆರೆಯಲಿ. ‘ಅಯ್ಯೋ, ಇದು ನನಗೆ ಗೊತ್ತಿತ್ತು’ ಎನಿಸುವ ಶಬ್ದಗಳಿಗೆ ಗೆರೆ ಎಳೆಯಲಿ, ಮುಂದಿನ ವಾರ ತಾನೇ ಹಿಡಿಯುವುದು ಅವನ್ನೇ. ಪೂರ್ತಿ ಹೊಸದರಲ್ಲಿ ಎರಡೋ ಮೂರೋ ಆರಿಸಿ ಡಿಕ್ಷನರಿಯಲ್ಲಿ ಅರ್ಥ ನೋಡಿ ಒಂದೊಂದು ವಾಕ್ಯ ಮಾಡಲಿ. ಉಳಿದವನ್ನು ಬಿಟ್ಟುಬಿಡಲಿ. ಶುಕ್ರವಾರ ರಾತ್ರಿ ಆ್ಯಪ್ ಪಟ್ಟಿ ಕಂಠಪಾಠ ಮಾಡಿ ಶನಿವಾರ ಬರೆದರೆ ಟೀಚರ್ ಅರ್ಥ ಕೇಳಿಯೇ ಕೇಳುತ್ತಾರೆ, ಕೇಳುವುದು ಅವರ ಧರ್ಮ. ಆದರೆ ಮಗು ಅಳುವಷ್ಟರ ಮಟ್ಟಿಗೆ ಎಲ್ಲರ ಮುಂದೆ ಕೇಳಬೇಕಿರಲಿಲ್ಲ. ಉಚಿತ ಆ್ಯಪ್‌ಗಳಲ್ಲಿ ಜಾಹೀರಾತು, ಹಣ ಕೇಳುವ ಗುಂಡಿ ಎರಡೂ ಇರುತ್ತವೆ, ಫೋನ್ ನಿಮ್ಮ ಕೈಯಲ್ಲೇ ಇರಲಿ. ಅಮೆರಿಕದ ಸ್ಪೆಲ್ಲಿಂಗ್ ಬಂದರೂ ಎಚ್ಚರ: ‘ಕಲರ್’ ಶಬ್ದಕ್ಕೆ ಅವರು ಯು ಬರೆಯುವುದಿಲ್ಲ, ನಮ್ಮ ಶಾಲೆಯಲ್ಲಿ ಅದಕ್ಕೆ ಅಂಕ ಹೋಗುತ್ತದೆ.

ಅಕ್ಷರದ ಜಾಗ ಗೊತ್ತಿದ್ದು ಶಬ್ದ ಬೇಕಾದಾಗ ಕೆಲವು ಆನ್‌ಲೈನ್ ಡಿಕ್ಷನರಿಗಳಲ್ಲಿ ಚಿಹ್ನೆ ಹಾಕಿ ಹುಡುಕಬಹುದು. ಗೊತ್ತಿಲ್ಲದ ಒಂದು ಅಕ್ಷರಕ್ಕೆ ಒಂದು ಪ್ರಶ್ನೆ ಚಿಹ್ನೆ, ಎಷ್ಟಾದರೂ ಅಕ್ಷರ ಬರಲಿ ಎಂಬುದಕ್ಕೆ ನಕ್ಷತ್ರ ಚಿಹ್ನೆ. ನಕ್ಷತ್ರ ಹಾಕಿ ಅದರ ಮುಂದೆ ಐ-ಜಿ-ಎಚ್-ಟಿ ಎಂದು ಬರೆದರೆ ಹಾಗೆ ಮುಗಿಯುವ ನೈಟ್, ಬ್ರೈಟ್, ಫ್ಲೈಟ್ ಎಲ್ಲ ಸಾಲಾಗಿ ಬರುತ್ತವೆ. ಕಣ್ಣಿಗೆ ಆಕಾರ ಕೂರಿಸಲು ಇದು ಬಹಳ ಒಳ್ಳೆಯ ಸಾಧನ. ಎಐ ಚಾಟ್‌ಬಾಟ್ ಕೇಳುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದರೆ ಒಂದು ಮಾತು. ಅವು ಬರಹವನ್ನು ಬಿಡಿ ಅಕ್ಷರಗಳಾಗಿ ನೋಡದೆ ತುಂಡು ತುಂಡಾಗಿ ನೋಡುತ್ತವೆ, ಹಾಗಾಗಿ ಕೊಡದ ಅಕ್ಷರವನ್ನು ಸೇರಿಸಿ, ಒಂದೇ ಇರುವುದನ್ನು ಎರಡು ಸಲ ಬಳಸಿ ಶಬ್ದ ಹೇಳಿಬಿಡಬಹುದು. ಒಂದೊಂದು ಅಕ್ಷರವನ್ನೂ ಹೊಡೆದು ಹಾಕಿ ತಾಳೆ ನೋಡದೆ ಅವುಗಳ ಉತ್ತರ ಬರೆದುಕೊಳ್ಳಬಾರದು.

ಹುಬ್ಬಳ್ಳಿಯ ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು ಅಲ್ಲಿ ಒಂದು ದಿನ ಕುಳಿತು ನೋಡಿ ಬನ್ನಿ. ಎರಡಕ್ಷರದ ಶಬ್ದಗಳ ಪಟ್ಟಿ ಬಾಯಿಪಾಠ ಮಾಡಿಸುವುದೇ ಅವರ ಪಾಠವಾದರೆ ಅದು ಸ್ಕ್ರ್ಯಾಬಲ್ ಸ್ಪರ್ಧೆಗೆ ಹೋಗುವವರಿಗೆ ಸರಿ, ನಿಮ್ಮ ಮಗಳಿಗೆ ಬೇಡ. ಮಕ್ಕಳ ಕೈಗೆ ಪುಸ್ತಕ ಕೊಟ್ಟು ಓದಿಸುತ್ತಾರೆ, ಓದಿದ್ದನ್ನು ಮಾತಾಡಿಸುತ್ತಾರೆ ಎಂದಾದರೆ ವಿಚಾರ ಮಾಡಬಹುದು. ಗದಗಿನಿಂದ ಹೋಗಿಬರುವ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಷ್ಟೇ ಹೊತ್ತು ಮನೆಯಲ್ಲಿ ಕತೆ ಪುಸ್ತಕ ಓದಿದರೆ ಹೆಚ್ಚು ಫಲವಿದೆ ಎಂಬುದು ನನ್ನ ಅನುಭವ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಮಗಳು ಕನ್ನಡ ಓದುವಾಗಲೂ ವಯಸ್ಸಿಗೆ ಮೀರಿ ತಡವರಿಸುತ್ತಾಳೆ, ಬೋರ್ಡ್ ನೋಡಿ ಬರೆಯುವಾಗಲೂ ಅಕ್ಷರ ಅದಲುಬದಲು ಮಾಡುತ್ತಾಳೆ, ಅದೇ ಶಬ್ದವನ್ನು ಒಂದೊಂದು ಸಲ ಒಂದೊಂದು ಥರ ಬರೆಯುತ್ತಾಳೆ ಎಂದಾದರೆ ಮಾತ್ರ ಮುಂದಿನ ಹೆಜ್ಜೆ. ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಕಣ್ಣು ಸರಿಯಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ ಮಕ್ಕಳ ಕಲಿಕೆಯ ತೊಂದರೆ ನೋಡುವ ತಜ್ಞರನ್ನು ಕಾಣಿ. ಅಂಥ ತೊಂದರೆಗೂ ಬುದ್ಧಿಗೂ ಸಂಬಂಧವಿಲ್ಲ, ಬೇಗ ಗೊತ್ತಾದಷ್ಟೂ ಮಗುವಿಗೆ ಒಳ್ಳೆಯದು. ಕನ್ನಡವನ್ನು ಸರಾಗವಾಗಿ ಓದುತ್ತಾಳೆ ಎಂದರೆ ಇದಾವುದೂ ಬೇಡ. ಶನಿವಾರದ ಆಟವೊಂದನ್ನೇ ನೋಡಿ ಯಾರೂ ಅಂಥ ತೀರ್ಮಾನಕ್ಕೆ ಬರಬಾರದು.

ಕೊನೆಗೆ ಟೀಚರ್ ವಿಷಯ. ಅವರು ವಾರವಾರ ಇಂಥ ಆಟ ಆಡಿಸುತ್ತಿರುವುದೇ ದೊಡ್ಡದು, ಜಗಳಕ್ಕೆ ಹೋಗಬೇಡಿ. ಹೋಗಿ ಎರಡು ವಿನಂತಿ ಮಾಡಿಕೊಳ್ಳಿ. ಬರೆದ ಶಬ್ದಕ್ಕೆ ಅರ್ಥವನ್ನೋ ವಾಕ್ಯವನ್ನೋ ಹೇಳಿದರೆ ಮಾತ್ರ ಅಂಕ ಎಂಬ ನಿಯಮವನ್ನು ಎಲ್ಲರಿಗೂ ಮೊದಲೇ ಹೇಳಿಬಿಟ್ಟರೆ ಆ್ಯಪ್ ನೋಡಿ ಬರೆಯುವುದು ತಾನಾಗಿ ನಿಲ್ಲುತ್ತದೆ, ಯಾವ ಮಗುವಿಗೂ ಅವಮಾನ ಆಗುವುದಿಲ್ಲ. ಇನ್ನೊಂದು, ಮಗಳ ಎಣಿಕೆಯನ್ನು ಅವಳ ಹಿಂದಿನ ವಾರದ ಎಣಿಕೆಯ ಜೊತೆಗೇ ಹೋಲಿಸಲಿ. ಈ ವಾರ ಆರು, ಮುಂದಿನ ವಾರ ಒಂಬತ್ತು ಎಂದು ಡೈರಿಯಲ್ಲಿ ಬರೆದು ಕಳಿಸಲು ಕೇಳಿ. ಮೇಲೆ ಹೇಳಿದ ಟೀಚರ್, ಹೆಕ್ಟೇರ್ ಲೆಕ್ಕವನ್ನು ಮಗಳು ಎರಡು ಸಲ ಮನೆಯಲ್ಲಿ ಬಿಡಿಸಿದ ಮೇಲೆ ಆ ಎಣಿಕೆ ಏನಾಯಿತು ಎಂದು ನನಗೂ ಬರೆದು ತಿಳಿಸಿ.